ದೂರು: 130/650 ಟೆಲಿಸ್ಕೋಪಿನ ‘ಆಸ್ಟ್ರೋ ಫೋಟೋ ಕಿಟ್’ – ಹೊಂದದ ಬಿಡಿಭಾಗಗಳು, ಕಣ್ಣು ಕಳೆಯುವ ಸೌರ ಫಿಲ್ಟರ್

ಜಮಖಂಡಿ, ಬಾಗಲಕೋಟೆ ಜಿಲ್ಲೆ

ಗೆ,
ಕುಂದುಕೊರತೆ ಅಧಿಕಾರಿಗಳು,
ಟೆಲಿಸ್ಕೋಪ್ ಮಾರಾಟ ವಿಭಾಗ, ಬೆಂಗಳೂರು

ಮಾನ್ಯರೇ,

ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಏನಿದ್ದರೂ ಬರಹದಲ್ಲಿ.

ನಮ್ಮ ಪ್ರೌಢಶಾಲೆಯ ವಿಜ್ಞಾನ ಸಂಘದಲ್ಲಿ ನೀವೇ ಮಾರಿದ 130/650 ನ್ಯೂಟೋನಿಯನ್ ಟೆಲಿಸ್ಕೋಪ್ (130 ಮಿಮೀ ಕನ್ನಡಿ, 650 ಮಿಮೀ ಸಂಗಮ ದೂರ), ಅದನ್ನು ಹೊರುವ ಈಕ್ಯೂ2 ಮೌಂಟ್ ಇದೆ. ಅದಕ್ಕೆ ಕ್ಯಾಮೆರಾ ಜೋಡಿಸಬೇಕೆಂದು ಪಾಲಕರು, ಹಳೆಯ ವಿದ್ಯಾರ್ಥಿಗಳಿಂದ ಪಟ್ಟಿ ಎತ್ತಿ, 14,800 ರೂಪಾಯಿ ಕೊಟ್ಟು ನಿಮ್ಮ ಕಿಟ್ ತರಿಸಿದೆವು. ‘130/650ಕ್ಕೆ ಪೂರ್ತಿ ಹೊಂದುತ್ತದೆ, ಡಿಎಸ್‌ಎಲ್‌ಆರ್ ಜೋಡಿಸಿ, ಚಿತ್ರ ತೆಗೆಯಿರಿ’ ಎಂದು ನಿಮ್ಮ ಜಾಲತಾಣದ ಪುಟದಲ್ಲಿದೆ. ಆ ಪುಟದ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಮೊದಲು ಸೌರ ಫಿಲ್ಟರಿನ ವಿಷಯ. ಉಳಿದ ಸಾಮಾನಿನಿಂದ ದುಡ್ಡು ಹೋಗುತ್ತದೆ, ಇದರಿಂದ ಕಣ್ಣು ಹೋಗುತ್ತದೆ. ಕಿಟ್ಟಿನ ಜೊತೆ ‘ಉಚಿತ’ ಎಂದು ಬಂದದ್ದು ಐಪೀಸಿನ, ಅಂದರೆ ಕಣ್ಣಿಡುವ ಮಸೂರದ, ಬುಡಕ್ಕೆ ತಿರುಗಿಸಿ ಕೂರಿಸುವ, ನಾಣ್ಯದಗಲದ ಕಪ್ಪು ಗಾಜು. 130 ಮಿಮೀ ಕನ್ನಡಿ, 7 ಮಿಮೀ ಅಗಲಕ್ಕೆ ಹಿಗ್ಗಿದ ಕಣ್ಣಿನ ಪಾಪೆಗಿಂತ ಸುಮಾರು 345 ಪಟ್ಟು ಬೆಳಕನ್ನು ಒಟ್ಟು ಮಾಡುತ್ತದೆ. ಆ ಬಿಸಿಲೆಲ್ಲ ಕೊಳವೆಯ ಒಳಗೆ ಕೂಡಿ, ಕಿರಿದಾಗಿ, ಬಂದು ಬೀಳುವುದು ಈ ಗಾಜಿನ ಮೇಲೆ. ಗಾಜು ಕಾಯುತ್ತದೆ, ಒಂದು ಹೊತ್ತಿನಲ್ಲಿ ಫಟ್ಟನೆ ಸೀಳುತ್ತದೆ. ಸೀಳುವ ಹೊತ್ತಿಗೆ ಐಪೀಸಿಗೆ ಕಣ್ಣಿಟ್ಟ ಮಗುವಿಗೆ ತಲೆ ತೆಗೆಯುವಷ್ಟು ಸಮಯವೂ ಸಿಗುವುದಿಲ್ಲ. ಸೂರ್ಯನ ಬೆಳಕನ್ನು ತಡೆಯಬೇಕಾದದ್ದು ಕೊಳವೆಯ ಮುಂಬಾಯಿಯಲ್ಲಿ, ಅದು ಕನ್ನಡಿಗೆ ತಾಗುವ ಮೊದಲು: ಇಡೀ ಬಾಯಿಯನ್ನು ಮುಚ್ಚುವ, ಲಕ್ಷದಲ್ಲಿ ಒಂದು ಪಾಲು ಬೆಳಕನ್ನಷ್ಟೇ ಬಿಡುವ, ಆಪ್ಟಿಕಲ್ ಡೆನ್ಸಿಟಿ 5ರ ಫಿಲ್ಮ್. ಇದು ಟೆಲಿಸ್ಕೋಪ್ ಮಾರುವವರಿಗೆ ಗೊತ್ತಿರಲೇಬೇಕಾದ ಮೊದಲ ಪಾಠ. 2027ರ ಆಗಸ್ಟ್ 2ರಂದು ನಮ್ಮ ದೇಶದ ಬಹುಭಾಗದಲ್ಲಿ ಪಾರ್ಶ್ವ ಸೂರ್ಯಗ್ರಹಣ ಕಾಣಲಿದೆ. ನಿಮ್ಮ ಈ ಗಾಜು ಇನ್ನೆಷ್ಟು ಶಾಲೆಗಳ ಕಪಾಟಿನಲ್ಲಿದೆ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಇನ್ನು ಕ್ಯಾಮೆರಾ ಜೋಡಿಸುವ ಟಿ-ರಿಂಗ್. ಟೆಲಿಸ್ಕೋಪಿನ ಟಿ-ಥ್ರೆಡ್ ಅಂದರೆ ಎಂ42×0.75. ಅಂದರೆ 42 ಮಿಮೀ ವ್ಯಾಸ, ಒಂದು ಸುತ್ತಿಗೆ 0.75 ಮಿಮೀ ಮುಂದೆ ಹೋಗಬೇಕು (ಇದೇ ಪಿಚ್). ನೀವು ಕಳಿಸಿದ್ದು ಹಳೆಯ ಫಿಲ್ಮ್ ಕ್ಯಾಮೆರಾ ಲೆನ್ಸುಗಳ ಎಂ42×1. ವ್ಯಾಸ ಒಂದೇ ಇರುವುದರಿಂದ ಬಾಯಿಗೆ ಬಾಯಿ ಕೂಡುತ್ತದೆ, ಒಂದೂವರೆ ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಬಲ ಹಾಕಿದರೆ ಕಪ್ಪು ಬಣ್ಣ ಕಿತ್ತು ಅಲ್ಯುಮಿನಿಯಂ ಪುಡಿ ಉದುರುತ್ತದೆ. ಕ್ಯಾಮೆರಾ ಬಾಯಿ ತೆರೆದಿದ್ದರೆ ಆ ಪುಡಿ ನೇರವಾಗಿ ಸೆನ್ಸಾರ್ ಮೇಲೆ. ಇಲ್ಲಿನ ಲೇತ್ ಅಂಗಡಿಯಲ್ಲಿ ಥ್ರೆಡ್ ಗೇಜ್ ಇಟ್ಟು ನೋಡಿದೆವು: 1ರ ಎಲೆ ಹಲ್ಲಿಗೆ ಹಲ್ಲು ಕೂತಿತು, 0.75ರ ಎಲೆ ಕೂರಲಿಲ್ಲ. ಗೇಜ್ ಸಮೇತ ತೆಗೆದ ಫೋಟೋ ಲಗತ್ತಿಸಿದ್ದೇನೆ.

ಸರಿಯಾದ ರಿಂಗ್ ಬಂದಿದ್ದರೂ ನಿಮ್ಮ ಜಾಹೀರಾತಿನ ಮಾತು ನಡೆಯುತ್ತಿರಲಿಲ್ಲ. ಟಿ-ರಿಂಗಿನ ಮುಖದಿಂದ ಸೆನ್ಸಾರಿಗೆ 55 ಮಿಮೀ ಅಂತರ. ಐಪೀಸಿಗೆಂದೇ ಮಾಡಿದ ಈ ಕೊಳವೆಯಲ್ಲಿ ಬಿಂಬ, ಐಪೀಸನ್ನು ಒಳಗೆ ಹೊರಗೆ ಸರಿಸುವ ಫೋಕಸರಿನ ಬಾಯಿಯಿಂದ ಅಷ್ಟು ಹೊರಗೆ ಬೀಳುವುದಿಲ್ಲ. ಫೋಕಸರನ್ನು ಕೊನೆಯವರೆಗೆ ಒಳಗೆ ಸರಿಸಿದರೂ ನಕ್ಷತ್ರ ಬಳೆಯಂತೆ ಉಬ್ಬಿಯೇ ಇರುತ್ತದೆ. ಇದಕ್ಕೆ ದಾರಿ ಎರಡು. ಒಂದು, ಮುಖ್ಯ ಕನ್ನಡಿಯ ತಟ್ಟೆಯನ್ನು ಕೊಳವೆಯಲ್ಲಿ ಸುಮಾರು 30 ಮಿಮೀ ಮುಂದೆ ಸರಿಸಿ ಹೊಸ ತೂತು ಕೊರೆಯುವುದು. ಶಾಲೆಯ ಉಪಕರಣಕ್ಕೆ ಅದನ್ನು ಮಾಡಲಾಗದು, ನಿಮ್ಮ ವಾರಂಟಿಯೂ ಹೋಗುತ್ತದೆ. ಇನ್ನೊಂದು, ಬಾರ್ಲೋ, ಅಂದರೆ ಸಂಗಮ ದೂರವನ್ನು ಹೆಚ್ಚಿಸುವ ಮಸೂರ. ಅದು ಬಿಂಬವನ್ನು ಹೊರಕ್ಕೆ ತಳ್ಳುತ್ತದೆ, ಫೋಕಸ್ ಸಿಗುತ್ತದೆ.

ಆದರೆ ಕಿಟ್ಟಿನಲ್ಲಿರುವುದು 3ಎಕ್ಸ್, ಅಂದರೆ ಮೂರು ಪಟ್ಟು ಹೆಚ್ಚಿಸುವ ಬಾರ್ಲೋ. 650 ಮಿಮೀ ಸಂಗಮ ದೂರ 1950 ಆಗುತ್ತದೆ, ಚಂದ್ರನ ಬಿಂಬ ಹತ್ತಿರ ಹತ್ತಿರ 18 ಮಿಮೀ. ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿರುವ ಎಪಿಎಸ್-ಸಿ ಸೆನ್ಸಾರಿನ ಎತ್ತರ 15 ಮಿಮೀ. ಅಂದರೆ ಹುಣ್ಣಿಮೆ ಚಂದ್ರ ಚೌಕಟ್ಟಿನಲ್ಲೇ ಹಿಡಿಸುವುದಿಲ್ಲ. ಎಫ್/5 (ಸಂಗಮ ದೂರ ಕನ್ನಡಿಯ ಅಗಲದ ಐದು ಪಟ್ಟು) ಇದ್ದದ್ದು ಎಫ್/15 ಆಗಿ, ಬೇಕಾದ ಎಕ್ಸ್‌ಪೋಷರ್ ಒಂಬತ್ತು ಪಟ್ಟು ಏರುತ್ತದೆ. ಅಷ್ಟು ಹೊತ್ತು ಅಲುಗದೆ ನಿಲ್ಲುವ ತಾಕತ್ತು ಈಕ್ಯೂ2ಗೆ ಇಲ್ಲ. 2ಎಕ್ಸ್ ಕೊಟ್ಟಿದ್ದರೆ 1300 ಮಿಮೀ, 12 ಮಿಮೀ ಬಿಂಬ, ಸುತ್ತ ಜಾಗ ಉಳಿಯುತ್ತಿತ್ತು.

ಅದೇ ಬಾರ್ಲೋ ‘ಅಕ್ರೋಮ್ಯಾಟಿಕ್’, ಅಂದರೆ ಬಣ್ಣದ ಅಂಚು ಬರದಂತೆ ಎರಡು ಗಾಜು ಕೂಡಿಸಿದ್ದು, ಎಂದು ನಿಮ್ಮ ಪುಟದಲ್ಲಿದೆ. ಅಲ್ಲ. ಟ್ಯೂಬ್‌ಲೈಟ್ ಕೆಳಗೆ ಹಿಡಿದು ಓರೆ ಮಾಡಿ ನೋಡಿ. ಎರಡು ಗಾಜು ಅಂಟಿಸಿದ ಮಸೂರವಾದರೆ ದೀಪದ ಮೂರು ಪ್ರತಿಬಿಂಬ ಕಾಣಬೇಕು, ಮೂರನೆಯದು ಮಂಕಾಗಿ. ಇದರಲ್ಲಿ ಎರಡೇ. ಅಂದರೆ ಒಂಟಿ ಮಸೂರ, ಅದೂ ಪ್ಲಾಸ್ಟಿಕ್ ಕವಚದಲ್ಲಿ. ಗುರುಗ್ರಹಕ್ಕೆ ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು ಅಂಚು ಬರುವುದು ಇದರಿಂದಲೇ.

ಮೌಂಟ್ ತಿರುಗಿಸುವ ಮೋಟಾರಿನ ಬಗ್ಗೆ, 10 ಮಿಮೀ ಪ್ಲಾಸಲ್ ಐಪೀಸ್ ಬಗ್ಗೆ ತಕರಾರಿಲ್ಲ. ಮೌಂಟಿನ ಅಕ್ಷವನ್ನು ನಮ್ಮ ಅಕ್ಷಾಂಶಕ್ಕೆ, ಅಂದರೆ ಹದಿನಾರೂವರೆ ಡಿಗ್ರಿಗೆ ಇಟ್ಟು ಧ್ರುವನಕ್ಷತ್ರಕ್ಕೆ ಹೊಂದಿಸಿದರೆ ಮೋಟಾರು ಚೆನ್ನಾಗಿಯೇ ಹಿಂಬಾಲಿಸುತ್ತದೆ.

ಇಷ್ಟನ್ನು ನಿಮ್ಮ ತಾಂತ್ರಿಕ ವಿಭಾಗಕ್ಕೆ ಫೋನ್ ಮಾಡಿ ವಿವರಿಸಲು ಹೊರಟಾಗ ಆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಸ್ಟಾಫ್ ರೂಮಿನಲ್ಲಿ ಸ್ಪೀಕರ್ ಹಾಕಿದ್ದೆ, ಸಹೋದ್ಯೋಗಿಗಳಿದ್ದರು, ಬಾಗಿಲಲ್ಲಿ ಸಂಘದ ಮಕ್ಕಳು ನಿಂತಿದ್ದರು.

‘ಸಾರ್, ಮುಂದಿನ ಕ್ಯಾಪ್ ತೆಗೆದಿದ್ದೀರಾ?’

‘ತೆಗೆದೀನ್ರಿ.’

‘ದೊಡ್ಡ ಕ್ಯಾಪಾ, ಅದರೊಳಗಿರೋ ಚಿಕ್ಕದಾ?’

‘ದೊಡ್ಡದ್ರಿ. ಪೂರ್ತಿ ಬಾಯಿ ತೆರದೈತಿ. ನಾ ಕೇಳಾಕತ್ತಿದ್ದು ರಿಂಗಿನ ಥ್ರೆಡ್ಡಿನ ಮಾತು.’

‘ಹಗಲಲ್ಲಿ ಟ್ರೈ ಮಾಡ್ತಿದ್ದೀರಾ? ಹಗಲಲ್ಲಿ ನಕ್ಷತ್ರ ಕಾಣಲ್ಲ ಸಾರ್.’

ಬಾಗಿಲಲ್ಲಿದ್ದ ಒಂದು ಮಗು ಕಿಸಕ್ಕನೆ ನಕ್ಕಿತು. ನಾನು ಪಿಚ್ ಅಂದರೇನು ಎಂದು ಹೇಳಿದೆ, 0.75 ಮತ್ತು 1ರ ವ್ಯತ್ಯಾಸ ಹೇಳಿದೆ.

‘ಜೋರಾಗಿ ತಿರುಗಿಸಿ ಸಾರ್, ಹೋಗುತ್ತೆ.’

ಫೋಕಸ್ ಬರದ ವಿಷಯ ಹೇಳಿದೆ.

‘ಕನ್ನಡಿ ಗಲೀಜಾಗಿರುತ್ತೆ. ಬಿಚ್ಚಿ, ಸ್ಪಿರಿಟ್ ಹಾಕಿ ಬಟ್ಟೇಲಿ ಒರೆಸಿಬಿಡಿ.’

ಟೆಲಿಸ್ಕೋಪ್ ಕನ್ನಡಿಯ ಅಲ್ಯುಮಿನಿಯಂ ಲೇಪ ಗಾಜಿನ ಮುಂಭಾಗದಲ್ಲಿರುತ್ತದೆ, ಮನೆಯ ಕನ್ನಡಿಯಲ್ಲಿದ್ದಂತೆ ಹಿಂದೆ ಅಲ್ಲ. ಧೂಳಿನ ಕಣದ ಸಮೇತ ಬಟ್ಟೆ ಎಳೆದರೆ ಗೆರೆ ಬೀಳುತ್ತದೆ, ಮತ್ತೆ ಹೋಗುವುದಿಲ್ಲ. ರಬ್ಬರ್ ಬಲ್ಬಿನಿಂದ ಗಾಳಿ ಊದಬೇಕು. ತೀರಾ ಬೇಕಾದರೆ ಡಿಸ್ಟಿಲ್ಡ್ ನೀರು, ಒಂದೆರಡು ಹನಿ ಸೌಮ್ಯ ಸೋಪು, ಭಾರ ಹಾಕದೆ ಹತ್ತಿ. ಮೇಲಾಗಿ, ಧೂಳಿನಿಂದ ಫೋಕಸ್ ತಪ್ಪುವುದೇ ಇಲ್ಲ. ಇದನ್ನು ಹೇಳಿದ ಮೇಲೆ ಬಂದ ಉತ್ತರ ಇದು:

‘ಜಮಖಂಡಿ ಅಂದ್ರೆ ಎಲ್ಲಿ ಬರುತ್ತೆ ಸಾರ್? ಅಂಥ ಕಡೆ ಶಾಲೆಗೆಲ್ಲ ಫೋಟೋಗ್ರಫಿ ಯಾಕೆ? ಮಕ್ಕಳಿಗೆ ಚಂದ್ರ ತೋರಿಸಿದ್ರೆ ಸಾಕಲ್ವಾ?’

ಆ ಬದಿಯಲ್ಲಿ ಯಾರೋ ನಕ್ಕದ್ದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಮಕ್ಕಳು ನನ್ನ ಮುಖ ನೋಡಿದರು. ಸಂಜೆ ಸಂದೇಶ ಬಂತು: ‘ದೂರು ಇತ್ಯರ್ಥವಾಗಿದೆ. ಗ್ರಾಹಕರಿಗೆ ಬಳಕೆಯ ತಿಳಿವಳಿಕೆ ನೀಡಲಾಗಿದೆ.’

ಜಮಖಂಡಿ ಎಲ್ಲಿ ಬರುತ್ತದೆ ಎಂದು ನಿಮ್ಮವರಿಗೆ ತಿಳಿಸಿ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ದಿನ ಬ್ರಿಟಿಷ್ ಅಧಿಕಾರಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಸ್ಪೆಕ್ಟ್ರೋಸ್ಕೋಪ್ ಹೂಡಿದ್ದು ಇದೇ ಜಮಖಂಡಿಯಲ್ಲಿ. ಸೂರ್ಯನ ಅಂಚಿನಲ್ಲಿ ಕಾಣುವ ಜ್ವಾಲೆಗಳು ಅನಿಲ ಎಂದು ತೋರಿಸಿದ ಅಂದಿನ ವೀಕ್ಷಣೆಗಳಲ್ಲಿ ಇಲ್ಲಿನದೂ ಒಂದು. ಆ ಊರಿನ ಮಕ್ಕಳು ಟೆಲಿಸ್ಕೋಪಿಗೆ ಕ್ಯಾಮೆರಾ ಜೋಡಿಸಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ಜಾಹೀರಾತಿಗೆ ಹೊಂದದ ಸಾಮಾನನ್ನು ವಾಪಸ್ ಪಡೆಯುವ ನಿಯಮ ನಿಮ್ಮದೇ ಪುಟದಲ್ಲಿದೆ, ಬಿಡಿಸಿ ಹೇಳಬೇಕಿಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಈ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕಾದವರು ನೀವು. ಪೂರ್ತಿ ಹಣ ಕೊಟ್ಟು ಕಿಟ್ ಒಯ್ಯಿರಿ, ಕೊರಿಯರ್ ಖರ್ಚು ನಿಮ್ಮದು. ಇಲ್ಲವೇ ಎಂ42×0.75 ರಿಂಗ್, ನಿಜವಾದ ಅಕ್ರೋಮ್ಯಾಟಿಕ್ 2ಎಕ್ಸ್ ಬಾರ್ಲೋ, ಕೊಳವೆಯ ಮುಂಬಾಯಿಗೆ ಕೂರುವ ಫಿಲ್ಮ್ ಫಿಲ್ಟರ್ ಕಳಿಸಿ.

ಸೌರ ಫಿಲ್ಟರಿನ ವಿಷಯದಲ್ಲಿ ಮಾತ್ರ ನಮ್ಮ ಹಣ ಬಂದರೂ ನಾನು ಸುಮ್ಮನಾಗುವುದಿಲ್ಲ. ಅದನ್ನು ಎಲ್ಲ ಕಿಟ್ಟುಗಳಿಂದ ತೆಗೆಯಿರಿ, ಈಗಾಗಲೇ ಕೊಂಡ ಪ್ರತಿಯೊಬ್ಬರಿಗೂ ‘ಬಳಸಬೇಡಿ, ಒಡೆದು ಬಿಸಾಡಿ’ ಎಂದು ಬರೆದು ತಿಳಿಸಿ. ಇಲ್ಲವಾದರೆ ಅಪಾಯಕಾರಿ ಸರಕನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸುವ ಅಧಿಕಾರವಿರುವ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೆ ಆ ಗಾಜು, ಬಿಲ್ಲು, ಜಾಹೀರಾತು ಮೂರನ್ನೂ ಕಳಿಸುತ್ತೇನೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡವಿದೆ. ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಹೂಡಬಹುದೆಂದೂ ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಬರಬೇಕಾದವರು ನೀವು. 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ನಾನು ವಕೀಲರನ್ನೂ ಇಡುವುದಿಲ್ಲ. ರಿಂಗ್, ಗೇಜ್, ಬಾರ್ಲೋ ಮೇಜಿನ ಮೇಲಿಟ್ಟು ನಾನೇ ವಾದಿಸುತ್ತೇನೆ. ನಿಮ್ಮ ತಾಂತ್ರಿಕ ವಿಭಾಗದ ಅದೇ ಸಿಬ್ಬಂದಿಯನ್ನು ಸಾಕ್ಷಿಯಾಗಿ ಕರೆಸಲು ಕೇಳುತ್ತೇನೆ.

ಇಂತಿ,
ವಿಜ್ಞಾನ ಶಿಕ್ಷಕ ಹಾಗೂ ವಿಜ್ಞಾನ ಸಂಘದ ಸಂಚಾಲಕ,
ಜಮಖಂಡಿ

ಲಗತ್ತು: ಬಿಲ್ಲಿನ ಪ್ರತಿ, ಜಾಹೀರಾತು ಪುಟದ ಸ್ಕ್ರೀನ್‌ಶಾಟ್, ಥ್ರೆಡ್ ಗೇಜಿನ ಫೋಟೋ, ‘ಇತ್ಯರ್ಥವಾಗಿದೆ’ ಸಂದೇಶದ ಪ್ರತಿ