ಮಾದರಿ ಕೆಟ್ಟರೆ ಮಗುವೇ ಹುಡುಕಲಿ, ಅಂಕ ಅದಕ್ಕೆ ಕೊಡಿ

ಮಾನ್ಯ ಸಂಪಾದಕರೇ,

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನದ ಫೋಟೊಗಳು ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತವೆ. ಥರ್ಮೋಕೋಲ್ ಮನೆ, ಅದರ ಮೇಲೆ ಪ್ಲಾಸ್ಟಿಕ್ ಡಬ್ಬಿಯ ಟ್ಯಾಂಕ್, ನೀರು ತುಂಬಿದರೆ ಕೂಗುವ ಬಝರ್. ನೋಡಿ ಖುಷಿಯಾಗುತ್ತದೆ. ಆದರೆ ನನ್ನದು ರೇಡಿಯೊ, ಟಿ.ವಿ. ರಿಪೇರಿ ಅಂಗಡಿ. ಪ್ರದರ್ಶನದ ಹಿಂದಿನ ದಿನ ಸಂಜೆ ಇದೇ ಮಾದರಿಗಳು ನಮ್ಮಂಥವರ ಟೇಬಲ್ಲಿಗೆ ಬರುತ್ತವಲ್ಲ, ಆಗ ಕಾಣುವ ಕಥೆಯೇ ಬೇರೆ. ಮಾದರಿ ಅಪ್ಪನ ಕೈಯಲ್ಲಿ, ಮಗು ಹಿಂದೆ. 'ನಿನ್ನೆ ಕೂಗ್ತಿತ್ತು ಸಾರ್, ಇವತ್ತು ಕೂಗ್ತಿಲ್ಲ, ಏನಾದ್ರೂ ಮಾಡಿಕೊಡಿ.' ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದಲೋ ಆನ್‌ಲೈನಿನಲ್ಲೋ ಕಿಟ್ ತರಿಸಿ, ವಿಡಿಯೊ ನೋಡಿ ಜೋಡಿಸಿರುತ್ತಾರೆ. ಕಿಟ್ ತರಿಸಿದ್ದು ತಪ್ಪಲ್ಲ. ಕೆಟ್ಟಾಗ ಎಲ್ಲಿಂದ ಹುಡುಕಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ ಅನ್ನುವುದೇ ನನ್ನ ತಕರಾರು.

ಹುಡುಕುವುದು ಅಷ್ಟು ಕಷ್ಟವೂ ಅಲ್ಲ. ಈ ನೀರಿನ ಅಲಾರಂ ಅನ್ನೇ ತಗೊಳ್ಳಿ. ಒಂದು 9 ವೋಲ್ಟ್ ಬ್ಯಾಟರಿ, ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಬಿಸಿ 547 (BC547) ಟ್ರಾನ್ಸಿಸ್ಟರ್, ಒಂದು ಬಝರ್, ಕರೆಂಟನ್ನು ಮಿತಿಯಲ್ಲಿಡುವ ಒಂದು 1 ಕೆ (ಸಾವಿರ ಓಮ್) ರೆಸಿಸ್ಟರ್, ನೀರಿಗೆ ಇಳಿಬಿಡುವ ಎರಡು ತಂತಿ. ಟ್ರಾನ್ಸಿಸ್ಟರ್‌ಗೆ ಕಲೆಕ್ಟರ್, ಬೇಸ್, ಎಮಿಟರ್ ಅಂತ ಮೂರು ಕಾಲು. ಬ್ಯಾಟರಿಯ ಪ್ಲಸ್‌ನಿಂದ ಬಂದ ಕರೆಂಟು ನೀರಿನ ಮೂಲಕ ಒಂಚೂರು ಹರಿದು ಬೇಸ್‌ಗೆ ಸೇರಿದರೆ ಟ್ರಾನ್ಸಿಸ್ಟರ್ ಆನ್ ಆಗಿ ಬಝರ್ ಕೂಗುತ್ತದೆ. ಇಷ್ಟೇ ಸರ್ಕ್ಯೂಟ್. ಕೂಗದಿದ್ದರೆ ಎಲ್ಲರೂ ಮೊದಲು ಟ್ರಾನ್ಸಿಸ್ಟರ್ ಕಿತ್ತು ಹೊಸದು ಹಾಕುತ್ತಾರೆ. ಮುಟ್ಟಬೇಕಾದ್ದು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್.

ಮೊದಲು ಬ್ಯಾಟರಿ. ಅದನ್ನು ಬಿಚ್ಚಿ ಹೊರಗಿಟ್ಟು ನೋಡಿದರೆ ಪ್ರಯೋಜನವಿಲ್ಲ, ಸತ್ತ ಬ್ಯಾಟರಿಯೂ ಸುಮ್ನೆ ಇದ್ದಾಗ 8 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ, ಬಝರ್‌ನ ಲೋಡ್ ಬಿದ್ದ ತಕ್ಷಣ ಕುಸಿಯುತ್ತದೆ. ಸರ್ಕ್ಯೂಟ್‌ನಲ್ಲಿ ಇದ್ದಾಗಲೇ, ಎರಡೂ ನೀರಿನ ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿ ಅಳೆಯಬೇಕು. ಆಮೇಲೆ ತಂತಿಗಳನ್ನು ಹಾಗೇ ಮುಟ್ಟಿಸಿಟ್ಟು ಬೇಸ್ ಮತ್ತು ಎಮಿಟರ್ ನಡುವೆ ನೋಡಿ. 0.6ರಿಂದ 0.7 ವೋಲ್ಟ್ ಬರಬೇಕು. ಸೊನ್ನೆ ಇದ್ದರೆ ಬಹುಮಟ್ಟಿಗೆ ಕರೆಂಟು ಬೇಸ್‌ವರೆಗೆ ಬಂದಿರುವುದಿಲ್ಲ, ಎಲ್ಲೋ ಲೂಸ್ ಕಾಂಟ್ಯಾಕ್ಟ್ ಇರಬೇಕು. ಹೆಚ್ಚುಕಮ್ಮಿ ಪೂರಾ 9 ತೋರಿಸಿದರೆ ಟ್ರಾನ್ಸಿಸ್ಟರ್ ಒಳಗೆ ಓಪನ್ ಆಗಿದೆ, ಅಂದರೆ ಸಂಪರ್ಕ ಕಡಿದಿದೆ. 0.7 ಸರಿಯಾಗಿ ಬಂದು, ಕಲೆಕ್ಟರ್‌ನಲ್ಲೂ ವೋಲ್ಟೇಜ್ 0.2ರ ಹತ್ತಿರಕ್ಕೆ ಇಳಿದು, ಆದರೂ ಸದ್ದಿಲ್ಲವೇ? ಟ್ರಾನ್ಸಿಸ್ಟರ್ ತನ್ನ ಕೆಲಸ ಮಾಡಿದೆ, ಬಝರ್‌ನ ಪ್ಲಸ್ ಮೈನಸ್ ಉಲ್ಟಾ ಆಗಿದೆ ಅಥವಾ ಬಝರ್ ಹೋಗಿದೆ.

ಇನ್ನೊಂದು ಬಹಳ ಜನ ಬೀಳುವ ಹಳ್ಳ ಇದೆ. ಬಿಸಿ 547ರ ಚಪ್ಪಟೆ ಮುಖ ನಮ್ಮ ಕಡೆ, ಕಾಲುಗಳು ಕೆಳಗೆ ಇಟ್ಟರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅಂಗಡಿಯಲ್ಲಿ ಅದು ಸಿಗದೆ 2ಎನ್3904 ಕೊಟ್ಟರು ಅಂದುಕೊಳ್ಳಿ, ಅದರದ್ದು ಸರಿಯಾಗಿ ತಿರುಗಾಮುರುಗಾ. ಹಾಗೇ ಚುಚ್ಚಿದರೆ ಪೂರ್ತಿ ಕೈಕೊಡುವುದೂ ಇಲ್ಲ, ಅರ್ಧಂಬರ್ಧ ಕೆಲಸ ಮಾಡಿ ಬಝರ್ ಗೊಣಗುತ್ತದೆ. ಇಂಥ ಅರ್ಧ ಕೆಟ್ಟದ್ದೇ ತಲೆ ತಿನ್ನುವುದು ಜಾಸ್ತಿ.

ಶಾಲೆಯಲ್ಲಿ ಕೂಗಿದ್ದು ಮನೆಯ ಟ್ಯಾಂಕ್‌ಗೆ ಹಾಕಿದರೆ ಬೇರೆ ರಾಗ ತೆಗೆಯುತ್ತದೆ. ಅದು ಯಾಕೆ ಅಂತಲೂ ಯಾರೂ ಮಕ್ಕಳನ್ನು ಕೇಳುವುದಿಲ್ಲ. ಉಪ್ಪು ಜಾಸ್ತಿ ಇರುವ ಬೋರ್‌ವೆಲ್ ನೀರಿನಲ್ಲಿ ಕರೆಂಟು ಚೆನ್ನಾಗಿ ಹರಿಯುತ್ತದೆ, ಮಳೆ ನೀರಿನಲ್ಲಿ ಕಡಿಮೆ. ಆಗ ಒಂದರ ಬದಲು ಎರಡು ಟ್ರಾನ್ಸಿಸ್ಟರ್ ಜೋಡಿಸಿ ಡಾರ್ಲಿಂಗ್ಟನ್ (ಒಂದು ಹಿಗ್ಗಿಸಿದ ಕರೆಂಟನ್ನು ಇನ್ನೊಂದು ಮತ್ತೆ ಹಿಗ್ಗಿಸುವ ಜೋಡಿ) ಮಾಡಬೇಕಾಗುತ್ತದೆ. ಹಾಗೆ ಮಾಡಿದರೆ ಮತ್ತೊಂದು ತಾಪತ್ರಯ: ತಾರಸಿಯಿಂದ ಇಳಿದು ಬಂದ ಉದ್ದನೆಯ ತಂತಿ ಪಕ್ಕದ ಮೋಟಾರ್ ವೈರಿನ ಗುಂಯ್ಗುಡುವಿಕೆಯನ್ನೆಲ್ಲ ಹಿಡಿದುಕೊಂಡು, ನೀರಿಲ್ಲದಿದ್ದರೂ ಬಝರ್ ಕಿರುಗುಟ್ಟುತ್ತದೆ. ಮೊದಲ ಟ್ರಾನ್ಸಿಸ್ಟರ್‌ನ ಬೇಸ್‌ನಿಂದ ಗ್ರೌಂಡಿಗೆ, ಅಂದರೆ ಬ್ಯಾಟರಿಯ ಮೈನಸ್‌ಗೆ, ಒಂದು 100 ಕೆ ರೆಸಿಸ್ಟರ್, ಅದರ ಜೊತೆಗೇ ಚಾರ್ಜ್ ಹಿಡಿದಿಡುವ ಒಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸಾಮಾನ್ಯವಾಗಿ ತೆಪ್ಪಗಾಗುತ್ತದೆ. ಎರಡೂ ಸೇರಿ ಕೆಲವೇ ರೂಪಾಯಿ.

ಇದಕ್ಕಿಂತ ದೊಡ್ಡದು ತಂತಿ ಸವೆಯುವುದು. ನಾಲ್ಕೈದು ಎಲ್‌ಇಡಿಯಲ್ಲಿ ನೀರಿನ ಮಟ್ಟ ತೋರಿಸುವ ಮಾದರಿ ಇದೆಯಲ್ಲ, ಅದರಲ್ಲಿ ಪ್ಲಸ್ ತಂತಿ ಟ್ಯಾಂಕಿನ ತಳದಲ್ಲಿ ಹಗಲೂ ರಾತ್ರಿ ಮುಳುಗಿರುತ್ತದೆ. ಡಿಸಿ ಕರೆಂಟು ಒಂದೇ ದಿಕ್ಕಿಗೆ ಹರಿಯುವುದರಿಂದ ತಾಮ್ರ ಕರಗುತ್ತಾ ಹೋಗಿ ತಂತಿ ಹಸಿರಾಗಿ ತುಂಡಾಗುತ್ತದೆ. ಕರಗಿದ ತಾಮ್ರ ಹೋಗುವುದು ನಾವು ಬಳಸುವ ನೀರಿಗೇ. ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ ಹಾಕಿದರೆ ಸವೆತ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ ತೇಲುವ ಬೆಂಡಿಗೆ ಆಯಸ್ಕಾಂತ ಕೂರಿಸಿ, ಆಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ, ಗಾಜಿನ ಕೊಳವೆಯೊಳಗಿನ ರೀಡ್ ಸ್ವಿಚ್‌ನಿಂದ ಆನ್ ಮಾಡಿಸುವುದೇ ವಾಸಿ, ನೀರಿಗೆ ಕರೆಂಟಿನ ಸಂಬಂಧವೇ ಇರುವುದಿಲ್ಲ. ಹೀಗೆ ಬದಲಾಯಿಸಿ ತಂದ ಮಗು ಕಂಡರೆ ನಾನಂತೂ ಕಣ್ಣುಮುಚ್ಚಿ ಮೊದಲ ಬಹುಮಾನ ಕೊಟ್ಟೇನು.

ಹಾಗಾಗಿ ತೀರ್ಪುಗಾರರಿಗೆ ಒಂದು ಮಾತು. ಬಣ್ಣದ ಕಾಗದ, ಬಾಯಿಪಾಠದ ಇಂಗ್ಲಿಷ್ ವಿವರಣೆ ನೋಡಿ ಅಂಕ ಹಾಕುವುದನ್ನು ಬಿಡಿ. ಮಗುವಿಗೆ ಮೊದಲೇ ತಿಳಿಸಿ, ಮಾದರಿಯ ಒಂದು ತಂತಿ ಕಿತ್ತುಹಾಕಿ, ಕೈಗೆ ಮೀಟರ್ ಕೊಟ್ಟು 'ಹುಡುಕು' ಅನ್ನಿ. ಸಿಗದಿದ್ದರೂ ಪರವಾಗಿಲ್ಲ, ಎಲ್ಲಿಂದ ಶುರು ಮಾಡಿತು, ಯಾಕೆ ಅಲ್ಲಿಂದ ಅಂತ ಕೇಳಿ ಅದಕ್ಕೆ ಅಂಕ ಕೊಡಿ. ಶಾಲೆಗಳು ಪ್ರಯೋಗಾಲಯಕ್ಕೆ ನಾಲ್ಕು ಸಾಧಾರಣ ಡಿಜಿಟಲ್ ಮೀಟರ್ ತಂದಿಟ್ಟರೆ ಸಾಕು, ದುಬಾರಿ ರೋಬೋಟ್ ಕಿಟ್ ಆಮೇಲೆ ಬರಲಿ.

ಮನೆಯ 230 ವೋಲ್ಟ್ ಕರೆಂಟಿಗೆ (ಮೇನ್ಸ್) ನೇರವಾಗಿ ಜೋಡಿಸಿದ ಮಾದರಿಗಳನ್ನು ಮಾತ್ರ ಬಾಗಿಲಲ್ಲೇ ತಡೆಯಬೇಕು. ಟ್ರಾನ್ಸ್‌ಫಾರ್ಮರ್ ಇಲ್ಲದೆ ಬರೀ ಕೆಪಾಸಿಟರ್‌ನಿಂದ ವೋಲ್ಟೇಜ್ ಇಳಿಸುವ ಎಲ್‌ಇಡಿ ದೀಪಗಳನ್ನು ಮಕ್ಕಳು ವಿಡಿಯೊ ನೋಡಿ ಮಾಡುತ್ತಾರೆ. ಎಲ್‌ಇಡಿಗೆ ಮೂರೇ ವೋಲ್ಟ್ ಅಲ್ವಾ ಅಂತ ಮುಟ್ಟಿದರೆ ಮುಗಿಯಿತು, ಅಲ್ಲಿ ಮೇನ್ಸ್‌ನಿಂದ ಯಾವ ರಕ್ಷಣೆಯೂ ಇರುವುದಿಲ್ಲ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್ ಒಳಗೆ ಚಾರ್ಜ್ ಉಳಿದಿರಬಹುದು.

ಇನ್ನು ನಿಮ್ಮಲ್ಲಿ ವಿನಂತಿ. ಬಹುಮಾನ ಪಡೆದ ಮಾದರಿಯ ಫೋಟೊ ಹಾಕುವಾಗ ಪಕ್ಕದಲ್ಲಿ ಅದರ ಸರ್ಕ್ಯೂಟ್ ಚಿತ್ರವನ್ನೂ ಹಾಕಿ, ಎರಡು ಕಾಲಂ ಸಾಕು. ಅತಿಥಿಗಳ ಸಾಲಿನ ಫೋಟೊ ಸ್ವಲ್ಪ ಚಿಕ್ಕದು ಮಾಡಿದರೆ ಜಾಗ ಸಿಗುತ್ತದೆ.

– ಒಬ್ಬ ರಿಪೇರಿ ಅಂಗಡಿಯವ, ತಿಪಟೂರು