ಮೂರು ತಿಂಗಳು ಪಕ್ಕದವರ ಭಟ್ಟಿಯಲ್ಲಿ

ಖಂಡೇ ನವಮಿಯ ದಿನ ನಮ್ಮ ಫೌಂಡ್ರಿಯ, ಅಂದರೆ ಎರಕದ ಕಾರ್ಖಾನೆಯ, ಫರ್ನೇಸ್ ಮತ್ತೆ ಶುರುವಾಯಿತು. ಮೂರು ತಿಂಗಳ ನಂತರ ಬೆಳಗಾವಿ ಉದ್ಯಮಬಾಗದ ನಮ್ಮದೇ ಶೆಡ್ಡಿನಲ್ಲಿ ಕಬ್ಬಿಣ ಕರಗಿತು. ಪೂಜೆ ಮುಗಿದ ಮೇಲೆ ಎಲ್ಲರ ಮುಂದೆ ಎರಡು ಮಾತು ಹೇಳಬೇಕು ಅಂದುಕೊಂಡಿದ್ದೆ. ಗಂಟಲು ಕಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

ಇಂಡಕ್ಷನ್ ಫರ್ನೇಸ್‌ನಲ್ಲಿ ಕರಗಿದ ಬೀಡು ಕಬ್ಬಿಣಕ್ಕೂ ಅದರ ಸುತ್ತಲಿನ ತಾಮ್ರದ ಕಾಯಿಲ್‌ಗೂ ನಡುವೆ ಇರುವುದು ಕಾವು ತಡೆಯುವ ಒಳಪದರ, ಲೈನಿಂಗ್, ಒಂದೇ. ಕಾಯಿಲ್ ಒಳಗೆ ನೀರು ಓಡುತ್ತಿರುತ್ತದೆ. ನಮ್ಮ ಲೈನಿಂಗ್ ಸವೆದಿತ್ತು, ಒಡೆದು ಹೊಸದು ಹಾಕಬೇಕಿತ್ತು. ಅರ್ಜೆಂಟ್ ಆರ್ಡರ್ ಇದೆ, ಇನ್ನೊಂದು ಹೀಟ್ (ಒಂದು ಸಲದ ಕರಗಿಸುವಿಕೆ) ಆಗಲಿ ಎಂದವನು ನಾನೇ. ಆ ಹೀಟ್‌ನಲ್ಲೇ ಲೋಹ ಕಾಯಿಲ್ ತನಕ ಹೋಯಿತು. 1400 ಡಿಗ್ರಿಯ ಕಬ್ಬಿಣದ ಒಳಗೆ ನೀರು ನುಗ್ಗಿದರೆ ಏನಾಗುತ್ತದೆ ಅಂತ ಈ ಕೆಲಸದವರಿಗೆ ಹೇಳಬೇಕಿಲ್ಲ: ನೀರು ಒಮ್ಮೆಲೇ ಆವಿಯಾಗಿ ಸ್ಫೋಟಿಸುತ್ತದೆ. ಅಲಾರಾಂ ಹೊಡೆದ ಕೂಡಲೇ ಫರ್ನೇಸ್ ನಡೆಸುವ ಮೆಲ್ಟರ್ ಕಾಕಾ ಪವರ್ ತೆಗೆದರು. ನಮ್ಮನ್ನೆಲ್ಲ ಹೊರಗೆ ಓಡಿಸಿದರು. ತಾವು ನಿಂತು ಫರ್ನೇಸ್ ಬಗ್ಗಿಸಿ ಲೋಹವನ್ನೆಲ್ಲ ಗುಂಡಿಗೆ ಸುರಿದರು. ಹನ್ನೊಂದು ಜನ ಇದ್ದೆವು. ಯಾರ ಮೈಮೇಲೂ ಒಂದು ಬೊಬ್ಬೆ ಏಳಲಿಲ್ಲ. ಕಾಕಾ, ಹನ್ನೊಂದು ಮನೆಗಳು ನಿಮ್ಮ ಋಣದಲ್ಲಿವೆ.

ಅವತ್ತು ಸಂಜೆ ಪಕ್ಕದ ಫೌಂಡ್ರಿಯ ಮಾಲೀಕರು ಬಂದರು. ನಾವೂ ಅವರೂ ಒಂದೇ ಪಂಪ್ ಕಂಪನಿಗಳಿಗೆ ಕೊಟೇಶನ್ ಹಾಕುವವರು. ಅಪ್ಪಾಜಿಗೆ ಹೇಳಿದರು: “ರಾತ್ರಿ ನಮ್ಮ ಭಟ್ಟಿ ಖಾಲಿನ ಇರ್ತೈತ್ರಿ. ನಿಮ್ಮ ಪ್ಯಾಟರ್ನ್ ತರ್ರಿ, ನಿಮ್ಮ ಮಂದೀನ ಕರ್ಕೊಂಡು ಬರ್ರಿ. ಕರೆಂಟ್ ಬಿಲ್ ಅಷ್ಟ ಕೊಡ್ರಿ.” ಅಷ್ಟೇ ಮಾತು. ಕಾಗದ ಇಲ್ಲ, ಸಹಿ ಇಲ್ಲ.

ಆಷಾಢದ ಜಿಟಿಜಿಟಿ ಮಳೆ. ತಾಡಪತ್ರಿ ಹೊದಿಸಿ ಟೆಂಪೋದಲ್ಲಿ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಒತ್ತುವ ಮಾದರಿ) ಸಾಗಿಸಿದೆವು. ಅವರ ಮರಳು ಬೇರೆ, ನಮ್ಮದು ಬೇರೆ. ಎಪ್ಪತ್ತು ದಾಟಿದ ಅಪ್ಪಾಜಿ ತಲೆಗೆ ಮಫ್ಲರ್ ಸುತ್ತಿಕೊಂಡು ದಿನಾ ರಾತ್ರಿ ಬಂದರು. ಬಂದವರೇ ಒಂದು ಹಿಡಿ ಮರಳು ತಗೊಂಡು ಮುಷ್ಟಿಯಲ್ಲಿ ಒತ್ತಿ, ಉಂಡೆಯನ್ನು ನಡುವೆ ಮುರಿದು ದೀಪದ ಕೆಳಗೆ ಹಿಡಿಯುತ್ತಿದ್ದರು. ಮುರಿದ ಅಂಚು ಚೂಪಾಗಿ ನಿಂತರೆ ಹದ. ಉದುರಿದರೆ ನೀರು ಸಾಲದು. ಕೈಗೆ ಮೆತ್ತಿದರೆ ಜಾಸ್ತಿ, ಆವಿಗೆ ದಾರಿ ಸಿಗದೆ ಎರಕದಲ್ಲಿ ತೂತು ಬೀಳುತ್ತದೆ. ನಾನು ಇಂಜಿನಿಯರಿಂಗ್ ಓದಿದವನು, ತೇವ ಅಳೆಯುವ ಮೀಟರ್ ತೋರಿಸುತ್ತಿದ್ದೆ. ಮೀಟರ್ ಹೇಳುವ ಮೊದಲೇ ಅಪ್ಪಾಜಿ ನೀರು ಚಿಮುಕಿಸಿ ಆಗಿರುತ್ತಿತ್ತು.

ಈ ಕೈ ಅಜ್ಜನಿಂದ ಬಂದದ್ದು. ಮುತ್ತಜ್ಜ ಬೈಲಹೊಂಗಲದ ಕಡೆ ಕುಲುಮೆ ಇಟ್ಟಿದ್ದವರು, ನೇಗಿಲಿನ ಕುಳ ಬಡಿಯುವವರು. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂದೆ ಕಬ್ಬಿಣದ ನೇಗಿಲು ಮಾಡಿದರಲ್ವಾ? ಕಬ್ಬಿಣ ತಾಗಿದರೆ ಹೊಲ ಕೆಡುತ್ತದೆ ಎಂದು ರೈತರು ಮೊದಲು ಮುಟ್ಟಲೇ ಇಲ್ಲವಂತೆ. 1910ರಲ್ಲಿ ಅವರು ಕುಂಡಲದ ಹತ್ತಿರ, ಈಗಿನ ಕಿರ್ಲೋಸ್ಕರ್‌ವಾಡಿಗೆ ಹೋದರು. ಮುತ್ತಜ್ಜ ಆ ನೇಗಿಲನ್ನು ತಿರುಗಿಸಿ ಮುರುಗಿಸಿ ನೋಡಿ, “ಇದನ್ನ ಬಡದಿಲ್ಲ, ಹೊಯ್ದಾರ” ಅಂದರಂತೆ. ಮಗನನ್ನು ಎರಕದ ಕೆಲಸ ಕಲಿಯಲು ಬೆಳಗಾವಿಗೆ ಕಳಿಸಿದರು. ಅಜ್ಜ ಮರಳಿನ ಅಚ್ಚು ಮಾಡುವ ಮೋಲ್ಡರ್‌ಗಳಿಗೆ ಮರಳು ಜರಡಿ ಹಿಡಿಯುವ ಹುಡುಗನಾಗಿ ಶುರು ಮಾಡಿ, ಕೊನೆಗೆ ಸ್ವಂತ ಕ್ಯುಪೋಲಾ, ಅಂದರೆ ಕೋಕ್ ಉರಿಸಿ ಕಬ್ಬಿಣ ಕರಗಿಸುವ ಭಟ್ಟಿ, ಹಚ್ಚಿದರು. ಆ ಕ್ಯುಪೋಲಾದ ಜಾಗದಲ್ಲೇ ಈಗ ನಮ್ಮ ಫರ್ನೇಸ್ ಇದೆ.

ಇನ್ನೂ ಹಲವರಿದ್ದಾರೆ. ಮಾಲು ತಡವಾದರೂ ಆರ್ಡರ್ ಹಿಂದಕ್ಕೆ ತಗೊಳ್ಳದ ಗಿರಾಕಿಗಳು. ಎರಕದೊಳಗಿನ ಪೊಳ್ಳಿಗೆ ಮರಳಿನ ತಿರುಳು ಮಾಡುವ ಕೋರ್ ಬಾಕ್ಸ್ ಒಡೆದಾಗ ಭಾನುವಾರ ಕೂತು ಸರಿಮಾಡಿಕೊಟ್ಟ ಪ್ಯಾಟರ್ನ್ ಅಣ್ಣ. ಬೇರೆ ಕಡೆ ಕೆಲಸ ಸಿಗುತ್ತಿದ್ದರೂ ಹೋಗದ ನಮ್ಮ ಮೋಲ್ಡರ್‌ಗಳು, ಎರಕವನ್ನು ಉಜ್ಜಿ ಚೊಕ್ಕ ಮಾಡುವ ಫೆಟ್ಲಿಂಗ್ ಹುಡುಗರು. ರಾತ್ರಿ ಎರಡಕ್ಕೆ ಎಲ್ಲರಿಗೂ ಜೋಳದ ರೊಟ್ಟಿ, ಝುಣಕ ಇರುವಂತೆ ಬುತ್ತಿ ಕಟ್ಟಿದ ಅವ್ವ. ನಿಮಗೆಲ್ಲ ಕೈಮುಗಿಯುತ್ತೇನೆ.

ದಸರೆಯ ದಿನ ಬನ್ನಿ ಕೊಡಲು ಪಕ್ಕದವರ ಮನೆಗೆ ಹೋಗಿದ್ದೆವು. ದೀಪಾವಳಿ ಆದ ಮೇಲೆ ಅವರು ತಮ್ಮ ಫರ್ನೇಸ್ ಲೈನಿಂಗ್ ಒಡೆಯುತ್ತಾರಂತೆ. ಅಷ್ಟು ದಿನ ನಮ್ಮ ಶೆಡ್ಡಿನ ರಾತ್ರಿಪಾಳಿ ಅವರದು. ಮರಳನ್ನು ಅಪ್ಪಾಜಿ ನೋಡಿಕೊಳ್ಳುತ್ತಾರೆ.