ಪ್ಲಸ್ ಟು ಪ್ರಾಯದ ಮನಸ್ಸು, ಕನ್ನಡ ಬಲ್ಲ ವೈದ್ಯರು: ಮಂಜೇಶ್ವರದ ಶಾಸಕರಿಗೊಂದು ಬಹಿರಂಗ ಪತ್ರ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಮಾನ್ಯ ಶಾಸಕರಿಗೆ,

ಗೌರವಪೂರ್ವಕ ವಂದನೆಗಳು. ಖಿನ್ನತೆಯೂ ಅತಿಯಾದ ಹುಮ್ಮಸ್ಸಿನ ಉನ್ಮಾದವೂ ಬಂದುಹೋಗುವ ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ ಅನೇಕರಲ್ಲಿ ಮೊದಲು ಕಾಣಿಸಿಕೊಳ್ಳುವುದು 15ರಿಂದ 25ರ ಪ್ರಾಯದೊಳಗೆ, ಅಂದರೆ ಹತ್ತನೆಯ ತರಗತಿ, ಪ್ಲಸ್ ಟು ಮತ್ತು ಕಾಲೇಜಿನ ವರ್ಷಗಳಲ್ಲಿ. ಚಿಕಿತ್ಸೆಯ ವ್ಯವಸ್ಥೆಯೂ ಈ ಪ್ರಾಯದವರ ಕೈಗೆಟಕುವಂತಿರಬೇಕೆಂಬುದು ನನ್ನ ಕೋರಿಕೆ.

ಭಯ, ಸಿಟ್ಟು, ಹುಮ್ಮಸ್ಸುಗಳಿಗೆ ಸಂಬಂಧಿಸಿದ ಅಮಿಗ್ಡಾಲದಂತಹ ಮಿದುಳಿನ ಒಳಭಾಗಗಳು ಹದಿಹರೆಯದಲ್ಲೇ ಚುರುಕಾಗುತ್ತವೆ. ಅವನ್ನು ಹತೋಟಿಯಲ್ಲಿಡಬೇಕಾದ ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್ ಪೂರ್ತಿ ಮಾಗುವುದು 25ರ ಆಸುಪಾಸಿನಲ್ಲಿ. ಈ ನಡುವೆ ಮಿದುಳು ಬಳಕೆಯಿಲ್ಲದ ನರಸಂಪರ್ಕಗಳನ್ನು ಕಳಚಿ ಉಳಿದವನ್ನು ಬಲಪಡಿಸುತ್ತಿರುತ್ತದೆ. ಈ ಕಾಯಿಲೆ ಬರುವ ಸಾಧ್ಯತೆಯನ್ನು ವಂಶಪಾರಂಪರ್ಯವಾಗಿ ಪಡೆದವರಲ್ಲಿ ಈ ಕೆಲಸ ಎಲ್ಲೋ ಹದ ತಪ್ಪುತ್ತದೆಂದು ಸಂಶೋಧಕರು ಶಂಕಿಸುತ್ತಾರೆ. ಆರು ಸಾವಿರಕ್ಕೂ ಹೆಚ್ಚು ಮಂದಿಯ ಎಂಆರ್‌ಐ ಚಿತ್ರಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಕೂಟದ ಅಧ್ಯಯನದಲ್ಲಿ ಈ ಕಾಯಿಲೆಯುಳ್ಳ ವಯಸ್ಕರ ಮಿದುಳಿನ ಹೊರಪದರ ಕೆಲವೆಡೆ ತೆಳುವಾಗಿರುವುದು ಕಂಡುಬಂತು. ಈ ಕಾಯಿಲೆಗೆ ಕೊಡುವ ಲಿಥಿಯಂ ಎಂಬ ಔಷಧ ಸೇವಿಸುತ್ತಿದ್ದವರಲ್ಲಿ ಆ ತೆಳುವು ಕಡಿಮೆಯಿತ್ತು. ಹೊರಪದರ ತೆಳುವಾಗುವುದು ಕಾಯಿಲೆಯ ಕಾರಣವೋ ಪರಿಣಾಮವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಒಬ್ಬ ವ್ಯಕ್ತಿಗೆ ಬೈಪೋಲಾರ್ ಇದೆಯೆಂದು ಹೇಳಬಲ್ಲ ಸ್ಕ್ಯಾನಿಂಗ್ ಎಲ್ಲಿಯೂ ಇಲ್ಲ. ಸಾಲ ಮಾಡಿ ಸ್ಕ್ಯಾನಿಂಗಿಗೆ ಓಡುವ ಮನೆಯವರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು.

ಹಾಗಾದರೆ ಕಾಯಿಲೆಯನ್ನು ಗುರುತಿಸುವುದು ಮಾತಿನಿಂದಲೇ. ಅನೇಕರಲ್ಲಿ ಮೊದಲು ಬರುವುದು ಖಿನ್ನತೆ. ಹಿಂದೊಮ್ಮೆ ನಿದ್ದೆಯಿಲ್ಲದೆಯೂ ದಣಿಯದೆ, ಎಡೆಬಿಡದೆ ಮಾತಾಡುತ್ತ, ಕೈಬಿಚ್ಚಿ ಖರ್ಚು ಮಾಡಿದ ದಿನಗಳಿದ್ದವೇ ಎಂದು ಕೆದಕಿ ಕೇಳದೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ, ಅದು ರೋಗಿಯನ್ನು ಉನ್ಮಾದಕ್ಕೆ ತಳ್ಳಬಹುದು. ಆ ದಿನಗಳನ್ನು ಕಂಡವರು ತಾಯಿ ಅಥವಾ ಅಜ್ಜಿ. ಕುಲೆ, ಅಂದರೆ ಸತ್ತವರ ಪ್ರೇತದ ಉಪದ್ರವೆಂದು ತಿಳಿದು ಹರಕೆ ಹೊತ್ತವರೂ ಅವರೇ. ಅವರು ಅದನ್ನು ವಿವರಿಸಬಲ್ಲದ್ದು ಕನ್ನಡದಲ್ಲಿ ಇಲ್ಲವೇ ತುಳುವಿನಲ್ಲಿ. ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯೂ ಹೇಳುತ್ತದೆ.

ಆದುದರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗೆ ಕನ್ನಡ ಅಥವಾ ತುಳು ಬಲ್ಲ ಮನೋವೈದ್ಯರು ನಿಗದಿತ ದಿನ ಬರುವಂತೆ ಮಾಡಬೇಕು. ಲಿಥಿಯಂ ಸೇವಿಸುವವರ ರಕ್ತದಲ್ಲಿ ಅದರ ಪ್ರಮಾಣವನ್ನು, ಜೊತೆಗೆ ಥೈರಾಯ್ಡ್ ಮತ್ತು ಮೂತ್ರಪಿಂಡಗಳನ್ನು ಆಗಾಗ ಪರೀಕ್ಷಿಸಬೇಕಾಗುತ್ತದೆ. ಅದೂ ಇಲ್ಲಿಯೇ ಸಿಗಬೇಕು. 2020ರಲ್ಲಿ ಕರ್ನಾಟಕದ ಕಡೆಗಿನ ತಲಪಾಡಿ ಗಡಿ ಮುಚ್ಚಿ ಮಂಗಳೂರಿನ ದಾರಿ ನಿಂತಾಗ ರೋಗಿಗಳು ಪಟ್ಟ ಪಾಡು ತಮಗೆ ತಿಳಿದಿದೆ. ಶಾಲೆಗಳು ತೆರೆಯುವ ಜೂನ್‌ಗೆ ಮೊದಲು ಕನ್ನಡ ಮಾಧ್ಯಮದ ಅಧ್ಯಾಪಕರಿಗೊಂದು ತರಬೇತಿಯನ್ನೂ ಏರ್ಪಡಿಸಬೇಕೆಂದು ವಿನಂತಿ.

ಇತಿ,
ಮಂಜೇಶ್ವರ ತಾಲೂಕಿನ ಒಬ್ಬ ನಿವೃತ್ತ ಅಧ್ಯಾಪಕ